ಮಹಾಮಾರಿ ಎಲ್ಲಿಗೆ ಹೋಯಿತು?



ಕೆಲವು ತಿಂಗಳ ಹಿಂದೆ, ಮಳೆ ಹಿಡಿಯುವುದಕ್ಕೆ ಮುನ್ನ, ಒಂದು ಸಂಜೆ ನಾವು ಕುಂದಾಪುರದ ಶಾಸ್ತ್ರಿ ಸರ್ಕಲಿನ ಬಳಿ ಬೈಂದೂರಿನ ಕಡೆಗೆ ಹೋಗುವ ಬಸ್ಸಿಗಾಗಿ ಕಾದು ನಿಂತಿದ್ದೆವು. ನಮ್ಮ ಊರಿನವರೇ ಆದ ಓರ್ವ ವೃದ್ಧೆ, ಕೈಯಲ್ಲಿ ಔಷಧದ ಚೀಲವನ್ನು ಹಿಡಿದು, ನಮ್ಮ ಪಕ್ಕದಲ್ಲಿಯೇ ನಿಂತಿದ್ದರು. ಊರಿನ ಮಳೆಬೆಳೆಗಳ ಮಾತೆಲ್ಲ ಮುಗಿದ ಮೇಲೆ ಆಕೆ ಇದ್ದಕ್ಕಿದ್ದಂತೆ ನಮ್ಮ ಕಡೆಗೆ ತಿರುಗಿ, “ಹ್ವಾಯ್ ಮಾಷ್ಟ್ರೆ, ಆ ಸೀಕ್ ಎಲ್ಲಿಗ್ ಹೋಯ್ತ್?” ಎಂದು ಕೇಳಿದರು. ಸೀಕು ಎಂದರೆ ನಮ್ಮ ಸೀಮೆಯ ಮಾತಿನಲ್ಲಿ ಕಾಯಿಲೆ. ಯಾವ ಕಾಯಿಲೆ ಎಂದು ನಾವು ತಿರುಗಿ ಕೇಳಬೇಕಾದುದಿರಲಿಲ್ಲ. “ಕಡಿಮೆಯಾಯಿತು” ಎಂದೆವು. “ಕಡಿಮೆ ಆದ್ದ್ ನಂಗೂ ಗೊತ್ತಿತ್ತ್, ಹೋದ್ದ್ ಎಲ್ಲಿಗೆ?” ಎಂದರು ಆಕೆ.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನಮಗೆ ಆ ಪ್ರಶ್ನೆಗೆ ಒಡನೆಯೇ ಉತ್ತರ ತೋಚಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನಾವು ವೈದ್ಯರಲ್ಲ. ಆದರೂ ಬಲ್ಲವರ ಗ್ರಂಥಗಳನ್ನು ಓದಿಯಾದರೂ ಆಕೆಗೆ ಸಮಾಧಾನ ಹೇಳಬೇಕಾದ ಋಣವೊಂದು ನಮ್ಮ ಮೇಲೆ ಇದ್ದಿತು. ಅದು ಎಂತಹ ಋಣವೆಂಬುದನ್ನು ಮುಂದೆ ತಿಳಿಸುವೆವು.

ಆಕೆಯ ಪ್ರಶ್ನೆ ಹೊಸದಲ್ಲ. ಊರಿಗೆ ಬೇನೆ ಬಂದಾಗ ನಮ್ಮ ಹಿರಿಯರು ಮಾರಿಯನ್ನು ಪೂಜಿಸಿ ಊರಿನ ಗಡಿಯನ್ನು ದಾಟಿಸಿ ಬರುತ್ತಿದ್ದರು. ಗಡಿಯಾಚೆಯ ಗ್ರಾಮದವರು ತಮ್ಮ ಗಡಿಯನ್ನು ದಾಟಿಸುತ್ತಿದ್ದರು. ಹೀಗೆ ಮಾರಿ ಹೋಗುತ್ತ ಹೋಗುತ್ತ ಕಡೆಗೆ ಕಾಡನ್ನೋ ಕಡಲನ್ನೋ ಸೇರಬೇಕು. ಓದಿದವರು ಇದನ್ನು ಕೇಳಿ ನಗುವುದುಂಟು, ನಾವು ನಗಲಾರೆವು. ಬೇನೆ ಊರಿಂದ ಊರಿಗೆ ನಡೆಯತಕ್ಕದ್ದು, ಒಂದು ಊರಿನಲ್ಲಿ ಅದು ನಿಲ್ಲುವ ಕಾಲ ಪರಿಮಿತವಾದುದು, ಒಬ್ಬರ ಬಿಡುಗಡೆ ಇನ್ನೊಬ್ಬರ ಆಪತ್ತಾಗಬಲ್ಲದು ಎಂಬ ಮೂರು ನಿಜವಾದ ಸಂಗತಿಗಳು ಆ ಆಚಾರದಲ್ಲಿ ಅಡಗಿವೆ. ಅವರು ತಪ್ಪಿದ್ದು ಒಂದೇ ಕಡೆ: ಮಾರಿ ಹೊರಗೆ ಹೋಗುವುದೆಂದು ತಿಳಿದರು. ಬಹುಮಟ್ಟಿಗೆ ಅದು ಹೊರಗೆ ಹೋಗುವುದಿಲ್ಲ.

1918ರ ಸಂಗತಿಯನ್ನು ನೋಡೋಣ. ಆ ವರ್ಷದ ಜೂನ್ ತಿಂಗಳಲ್ಲಿ ಇನ್‌ಫ್ಲುಯೆಂಜಾ ಜ್ವರವು ಬೊಂಬಾಯಿಯ ಬಂದರಿನಲ್ಲಿ ಕಾಣಿಸಿಕೊಂಡಿತು. ಹಡಗುಕಟ್ಟೆಯ ಕಾವಲಿನಲ್ಲಿದ್ದ ಪೋಲೀಸು ಸಿಪಾಯಿಗಳು ಮೊದಲು ಮಲಗಿದವರಲ್ಲಿ ಸೇರಿದ್ದರು. ಮೂರು ದಿನದ ಜ್ವರವೆಂದು ಜನ ಅದನ್ನು ಹೆಚ್ಚಾಗಿ ಲೆಕ್ಕಿಸಲಿಲ್ಲ. ಮಳೆಗಾಲದಲ್ಲಿ ಅದು ತಗ್ಗಿತು. ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಎದ್ದಾಗ ಮಾತ್ರ ಅದರ ನಿಜರೂಪ ತಿಳಿಯಿತು. ಮುದುಕರನ್ನೂ ಶಿಶುಗಳನ್ನೂ ಒಯ್ಯುವುದು ಜ್ವರಗಳ ರೂಢಿ; ಇದಾದರೋ ಇಪ್ಪತ್ತರಿಂದ ನಲವತ್ತು ವಯಸ್ಸಿನ ದುಡಿಯುವ ಮೈಗಳನ್ನು ಹುಡುಕಿ ಹಿಡಿಯಿತು. ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಕೆಲವರೂ, ಅದಕ್ಕೂ ಬಹಳ ಹೆಚ್ಚೆಂದು ಕೆಲವರೂ ಲೆಕ್ಕ ಹಾಕಿದ್ದಾರೆ. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಕಡಿಮೆಯಾಗಿ ಕಂಡಿತು. ನಮ್ಮ ದೇಶದ ಗಣತಿಯ ಚರಿತ್ರೆಯಲ್ಲಿ ಹಾಗಾದುದು ಅದೊಂದೇ ಸಲ.

ಬೊಂಬಾಯಿ ಪ್ರಾಂತವೂ ಮಧ್ಯಪ್ರಾಂತವೂ ಬೆಂದ ಹಾಗೆ ಮದ್ರಾಸು ಪ್ರಾಂತವು ಬೇಯಲಿಲ್ಲ. ದಕ್ಷಿಣ ಕನ್ನಡವು ಆಗ ಮದ್ರಾಸಿಗೆ ಸೇರಿದ್ದಿತು. ಹಾಗೆಂದು ನಮ್ಮ ಮನೆಗಳು ಪಾರಾದುವೆಂದಲ್ಲ. ನಮ್ಮ ಹಿರಿಯರ ಮನೆಯಲ್ಲಿ ಪಿತೃಪಕ್ಷದಲ್ಲಿ ಓದುವ ಹೆಸರುಗಳ ಒಂದು ಹಳೆಯ ಪುಸ್ತಕವಿದೆ. ಅದರಲ್ಲಿ ಒಂದು ಹಾಳೆಯಲ್ಲಿ ಮೂರು ಹೆಸರುಗಳು ಒಟ್ಟಿಗೆ ಇವೆ. ಮೂರಕ್ಕೂ ‘ಕಾಳಯುಕ್ತಿ ಸಂವತ್ಸರ, ಆಶ್ವಿಜ ಬಹುಳ’ ಎಂದೇ ಬರೆದಿದೆ. ತಿಥಿಗಳು ಮಾತ್ರ ಬೇರೆ. ಅವರು ಏತರಿಂದ ತೀರಿಕೊಂಡರೆಂದು ಮನೆಯಲ್ಲಿ ಯಾರೂ ಹೇಳಬಲ್ಲವರಿರಲಿಲ್ಲ. 2020ರಲ್ಲಿ, ಮನೆಯಲ್ಲಿಯೇ ಕುಳಿತು ಹೊತ್ತು ಕಳೆಯದಿದ್ದಾಗ, ನಾವು ಆ ಸಂವತ್ಸರವನ್ನು ಎಣಿಸಿ ನೋಡಿದೆವು. ಅದು 1918ರ ಅಕ್ಟೋಬರ್ ಕೊನೆಯ ಭಾಗಕ್ಕೆ ಬಂದಿತು. ನೂರು ವರ್ಷಗಳ ಕಾಲ ಪ್ರತಿವರ್ಷವೂ ಹೆಸರನ್ನು ಹೇಳಿ ಎಳ್ಳುನೀರು ಬಿಟ್ಟ ಮನೆಯವರೇ ಆ ಕಾಯಿಲೆಯನ್ನು ಮರೆತಿದ್ದರು.

ಮನೆಯವರು ಮರೆತರೂ ಕಾಯಿಲೆ ಎಲ್ಲಿಗೂ ಹೋಗಿರಲಿಲ್ಲ. 1920ರ ಹೊತ್ತಿಗೆ ಆ ಇನ್‌ಫ್ಲುಯೆಂಜಾದ ಉಗ್ರತೆ ಅಡಗಿತು, ನಿಜ. ಅಷ್ಟು ವರ್ಷವೂ ಅದಕ್ಕೆ ಕಾರಣವಾದ ವಸ್ತು ಯಾವುದೆಂದೇ ತಿಳಿದಿರಲಿಲ್ಲ. ವೈದ್ಯರು ಬೇರೊಂದು ಸೂಕ್ಷ್ಮಜೀವಿಯನ್ನು ಅಪರಾಧಿಯೆಂದು ಹಿಡಿದಿದ್ದರು. 1933ರಲ್ಲಿ ಲಂಡನ್ನಿನ ಮೂವರು ವಿಜ್ಞಾನಿಗಳು, ಸ್ಮಿತ್, ಆಂಡ್ರೂಸ್, ಲೇಡ್ಲಾ ಎಂಬವರು, ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿ ತೋರಿಸಿದರು. 1918ರ ವೈರಸ್ಸಿನ ಸಂತತಿಯೇ ವರ್ಷ ವರ್ಷವೂ ಚಳಿಗಾಲದ ಸಾಮಾನ್ಯ ಜ್ವರವಾಗಿ ಜನರ ನಡುವೆ ಓಡಾಡಿಕೊಂಡಿದ್ದಿತು. 1957ರಲ್ಲಿ ಬೇರೊಂದು ಇನ್‌ಫ್ಲುಯೆಂಜಾ ಬಂದು ಅದನ್ನು ತಳ್ಳಿ ಆ ಜಾಗದಲ್ಲಿ ಕುಳಿತಿತು. 1977ರಲ್ಲಿ ಹಳೆಯದು ಮರಳಿ ಬಂದಿತು. 2009ರಲ್ಲಿ ಹಂದಿಜ್ವರವೆಂದು ಹೆಸರು ಪಡೆದುದರಲ್ಲಿಯೂ ಆ ಹಳೆಯ ಮನೆತನದ ಅಂಶವಿದ್ದಿತು. ವಿಚಿತ್ರವೇನೆಂದರೆ ಮುದುಕರನ್ನು ಹೆಚ್ಚಾಗಿ ಹಿಡಿಯಬೇಕಾದ ಜ್ವರ 2009ರಲ್ಲಿ ಅನೇಕ ಮುದುಕರನ್ನು ಬಿಟ್ಟು ಯುವಕರನ್ನು ಹಿಡಿಯಿತು. ಏಕೆಂದರೆ ಬಾಲ್ಯದಲ್ಲಿ ಅದರ ಅಜ್ಜನ ಪರಿಚಯ ಮುದುಕರ ಮೈಗೆ ಆಗಿದ್ದಿತು. 1918ರಲ್ಲಿ ಮಕ್ಕಳಾಗಿದ್ದು ಬದುಕಿ ಉಳಿದ, ತೊಂಬತ್ತು ದಾಟಿದ ಮೂವತ್ತೆರಡು ಮಂದಿಯ ರಕ್ತವನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಆ ವೈರಸ್ಸನ್ನು ಗುರುತಿಸತಕ್ಕ ಪ್ರತಿವಸ್ತು ಇನ್ನೂ ಇದ್ದುದು ಕಂಡುಬಂದಿತೆಂದು 2008ರಲ್ಲಿ ಪ್ರಕಟವಾಯಿತು. ಮನಸ್ಸು ಮರೆತುದನ್ನು ಮೈ ತೊಂಬತ್ತು ವರ್ಷ ನೆನಪಿಟ್ಟುಕೊಂಡಿದ್ದಿತು.

ಹಾಗಾದರೆ ಕಾಯಿಲೆಯ ಏರು ಏಕೆ ಇಳಿಯುವುದು? ಊರಿನವರೆಲ್ಲರಿಗೂ ಬಂದು ಮುಗಿದ ಮೇಲೆ ಇಳಿಯುವುದೆಂದು ತೋರಬಹುದು. ಹಾಗಲ್ಲ. 1927ರಲ್ಲಿ ಕೆರ್ಮ್ಯಾಕ್, ಮೆಕೆಂಡ್ರಿಕ್ ಎಂಬಿಬ್ಬರು ಇದನ್ನು ಗಣಿತದಿಂದ ತೋರಿಸಿಕೊಟ್ಟರು. ಮೆಕೆಂಡ್ರಿಕ್ ನಮ್ಮ ದೇಶದಲ್ಲಿ ವೈದ್ಯಾಧಿಕಾರಿಯಾಗಿದ್ದು ಕಸೌಲಿಯ ಪಾಶ್ಚರ್ ಸಂಸ್ಥೆಯನ್ನು ನಡೆಸಿದವನು. ಕೆರ್ಮ್ಯಾಕ್ ಪ್ರಯೋಗಶಾಲೆಯ ಅಪಘಾತದಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡು, ಮನಸ್ಸಿನಲ್ಲಿಯೇ ಲೆಕ್ಕ ಮಾಡಿದವನು. ತಮ್ಮ ಸೂತ್ರಕ್ಕೆ ಅವರು ಕೊಟ್ಟ ದೃಷ್ಟಾಂತ 1905–06ರಲ್ಲಿ ಬೊಂಬಾಯಿಯಲ್ಲಿ ಪ್ಲೇಗಿನಿಂದ ವಾರವಾರವೂ ಸತ್ತವರ ಲೆಕ್ಕ. ಪ್ಲೇಗು ಇಲಿ ಚಿಗಟಗಳ ಮೂಲಕ ಬರತಕ್ಕದ್ದಾದುದರಿಂದ ಆ ದೃಷ್ಟಾಂತ ಅಷ್ಟು ಸರಿಯಾದುದಲ್ಲ. ಆದರೆ ಸೂತ್ರ ಮಾತ್ರ ಇಂದಿಗೂ ನಿಂತಿದೆ.

ಅದರ ತಿರುಳನ್ನು ಗಣಿತವಿಲ್ಲದೆಯೇ ಹೇಳಬಹುದು. ಒಬ್ಬ ರೋಗಿಯು ಮೂವರಿಗೆ ರೋಗವನ್ನು ಅಂಟಿಸುವನೆಂದು ಇಟ್ಟುಕೊಳ್ಳಿ. ಮೂವರು ಒಂಬತ್ತು ಮಂದಿಗೆ, ಒಂಬತ್ತು ಮಂದಿ ಇಪ್ಪತ್ತೇಳು ಮಂದಿಗೆ, ಹೀಗೆ ಬೆಳೆಯುವುದು. ಕಾಲಕ್ರಮದಲ್ಲಿ ರೋಗಿಯು ಭೇಟಿಯಾಗುವ ಮೂವರಲ್ಲಿ ಇಬ್ಬರು ಆಗಲೇ ರೋಗವನ್ನು ಅನುಭವಿಸಿ ಗೆದ್ದವರೋ ಲಸಿಕೆ ಹಾಕಿಸಿಕೊಂಡವರೋ ಆಗಿದ್ದರೆ, ಅವನಿಂದ ರೋಗ ಒಬ್ಬನಿಗೆ ಮಾತ್ರ ದಾಟುವುದು. ಅಲ್ಲಿಗೆ ಏರು ನಿಂತಿತು. ಇನ್ನು ಸ್ವಲ್ಪ ಹೆಚ್ಚು ಮಂದಿ ಗೆದ್ದವರಾದರೆ, ದಾಟುವುದು ಒಬ್ಬನಿಗಿಂತ ಕಡಿಮೆ, ಅಲ್ಲಿಂದ ಇಳಿತ. ಒಲೆಯಲ್ಲಿ ಹಸಿಕಟ್ಟಿಗೆ ಹೆಚ್ಚಾದರೆ ಬೆಂಕಿ ಆರುವುದು. ಆರಿದ ಮೇಲೆ ನೋಡಿದರೆ ನಡುನಡುವೆ ಒಣಗಿದ ಕೊಳ್ಳಿಗಳು ಸುಡದೆ ಉಳಿದೇ ಇರುವುವು. ಹಾಗೆ ಉಳಿದವರು ಇರುವುದರಿಂದಲೇ, ಏರು ಇಳಿದ ಮೇಲೂ ರೋಗಕ್ಕೆ ಹಿಡಿಯಲು ಜನ ಸಿಕ್ಕುತ್ತಿರುವರು. ಅದಲ್ಲದೆ ಶಿಶುಗಳು ಹುಟ್ಟುತ್ತಿರುವುವು. ಗೆದ್ದವರ ಶಕ್ತಿಯೂ ಕೆಲವು ರೋಗಗಳಲ್ಲಿ ಕ್ರಮೇಣ ಕುಗ್ಗುವುದು. ವೈರಸ್ಸು ವೇಷವನ್ನು ಬದಲಾಯಿಸುತ್ತಿರುವುದು.

ಕೆಲವು ಚಿಕ್ಕ ಸ್ಥಳಗಳಲ್ಲಿ ಮಾತ್ರ ರೋಗ ನಿಜವಾಗಿಯೇ ನಿಶ್ಶೇಷವಾಗುವುದುಂಟು. ಉತ್ತರ ಅಟ್ಲಾಂಟಿಕಿನ ಫೆರೋ ದ್ವೀಪಗಳಲ್ಲಿ 1781ರ ತರುವಾಯ ಅರುವತ್ತೈದು ವರ್ಷ ದಡಾರವೇ ಇರಲಿಲ್ಲ. 1846ರಲ್ಲಿ ಹಡಗಿನಲ್ಲಿ ಬಂದ ಒಬ್ಬನಿಂದ ಮತ್ತೆ ಹತ್ತಿ, ಸುಮಾರು 7,800 ಜನರಲ್ಲಿ ಸುಮಾರು 6,000 ಮಂದಿ ಮಲಗಿದರು. ಹಿಂದಿನ ಸಲ ದಡಾರವನ್ನು ಕಂಡಿದ್ದ ಮುದುಕರು ಮಾತ್ರ ಎದ್ದು ಓಡಾಡುತ್ತಿದ್ದರು. ಪಾನಮ್ ಎಂಬ ತರುಣ ವೈದ್ಯನು ಅಲ್ಲಿಗೆ ಹೋಗಿ ಇದನ್ನೆಲ್ಲ ಬರೆದಿಟ್ಟನು.

ಇಲ್ಲಿ ಒಂದು ಜನಪ್ರಿಯವಾದ ತಪ್ಪನ್ನು ಎತ್ತಬೇಕಾಗಿದೆ. ಸುಶಿಕ್ಷಿತರ ಬಾಯಲ್ಲಿಯೇ ಇದನ್ನು ಹೆಚ್ಚಾಗಿ ಕೇಳುವೆವು. ಯಾವ ವೈರಸ್ಸಾದರೂ ಕಾಲ ಕಳೆದಂತೆ ತಾನಾಗಿಯೇ ಸೌಮ್ಯವಾಗುವುದು, ಆತಿಥೇಯನನ್ನು ಕೊಂದರೆ ಅದಕ್ಕೇ ನಷ್ಟವಲ್ಲವೆ, ಎನ್ನುವರು. ಇದಕ್ಕೆ ಆಸ್ಟ್ರೇಲಿಯದ ಮೊಲಗಳನ್ನು ಸಾಕ್ಷಿ ಕರೆಯುವುದು ವಾಡಿಕೆ. ಮೊಲಗಳ ಹಾವಳಿಯನ್ನು ತಡೆಯಲಾರದೆ ಅಲ್ಲಿಯವರು 1950ರಲ್ಲಿ ಮಿಕ್ಸೊಮ ಎಂಬ ವೈರಸ್ಸನ್ನು ಬಿಟ್ಟರು. ಮೊದಲು ಅದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೇಲ್ಪಟ್ಟು ಮೊಲಗಳನ್ನು ಕೊಂದಿತು. ಕೆಲವೇ ವರ್ಷಗಳಲ್ಲಿ ಕಡಿಮೆ ಕೊಲ್ಲುವ ಬಗೆಗಳು ಹೆಚ್ಚಿದುವು. ಏಕೆಂದರೆ ಬೇಗ ಸತ್ತ ಮೊಲವನ್ನು ಕಚ್ಚಲು ಸೊಳ್ಳೆಗೆ ಬಿಡುವಿಲ್ಲ. ಇಲ್ಲಿಯ ತನಕ ಕಥೆಯನ್ನು ಎಲ್ಲರೂ ಹೇಳುವರು. ಮುಂದಿನದನ್ನು ಹೇಳುವವರು ಕಡಿಮೆ: ಮೊಲಗಳು ರೋಗವನ್ನು ತಾಳಿಕೊಳ್ಳಲು ಕಲಿತ ಮೇಲೆ ವೈರಸ್ಸು ಮತ್ತೆ ತೀಕ್ಷ್ಣವಾಗತೊಡಗಿತು. ಇನ್ನು ನಮ್ಮ ಸಿಡುಬನ್ನು ನೋಡಿ. ಅದರ ದೊಡ್ಡ ಬಗೆಯು ಶತಮಾನಗಳ ಮೇಲೆ ಶತಮಾನ ಕಳೆದರೂ, ತಾನು ಹಿಡಿದ ನೂರು ಜನರಲ್ಲಿ ಮೂವತ್ತು ಮಂದಿಯನ್ನು ಕೊಲ್ಲುವ ರೂಢಿಯನ್ನು ಬಿಡಲಿಲ್ಲ. ಅದು ಅಡಗಲೂ ಇಲ್ಲ, ಅದನ್ನು ಅಟ್ಟಬೇಕಾಯಿತು. ಮನೆಮನೆಗೆ ಹೋಗಿ ಹುಡುಕಿ, ರೋಗಿಯ ಸುತ್ತಲಿನವರಿಗೆಲ್ಲ ದೇವಿ ಹಾಕಿ, ಭಾರತದಲ್ಲಿ 1975ರಲ್ಲಿ ಅದನ್ನು ಕೊನೆಗಾಣಿಸಿದರು. ಲೋಕದಿಂದಲೇ ಅದು ತೊಲಗಿತೆಂದು 1980ರಲ್ಲಿ ಸಾರಲಾಯಿತು.

ಕೋವಿಡಿನ ವೈರಸ್ಸಿಗೆ ಸೌಮ್ಯವಾಗಬೇಕಾದ ಅವಸರವೇನೂ ಇರಲಿಲ್ಲ. ರೋಗಿ ಹಾಸಿಗೆ ಹಿಡಿಯುವುದಕ್ಕೆ ಮುನ್ನವೇ ಅದು ಬೇರೊಬ್ಬರಿಗೆ ದಾಟಿ ತನ್ನ ಕೆಲಸವನ್ನು ಮುಗಿಸಿಕೊಳ್ಳುತ್ತಿದ್ದಿತು. ಆಮೇಲೆ ಅವನು ಬದುಕಿದರೂ ಸತ್ತರೂ ಅದಕ್ಕೆ ಒಂದೇ. 2020ರ ಸೆಪ್ಟೆಂಬರಿನಲ್ಲಿ ದೇಶದಲ್ಲಿ ದಿನಕ್ಕೆ ತೊಂಬತ್ತು ಸಾವಿರಕ್ಕೂ ಮೇಲಿದ್ದ ಲೆಕ್ಕ 2021ರ ಫೆಬ್ರವರಿಯಲ್ಲಿ ಹನ್ನೊಂದು ಸಾವಿರದ ಸುತ್ತಮುತ್ತಕ್ಕೆ ಇಳಿಯಿತು. ಮುಗಿಯಿತೆಂದು ಡಂಗುರ ಸಾರಿದವರು ಕಡಿಮೆಯಿಲ್ಲ. ನಾವೂ ಆ ಗುಂಪಿನಲ್ಲಿ ಇದ್ದೆವು. ಏಪ್ರಿಲ್ ಮೇ ತಿಂಗಳುಗಳಲ್ಲಿ ಡೆಲ್ಟಾ ಎಂಬ ಬಗೆ ಬಂದಿತು. ಅದು ಮೊದಲಿನದಕ್ಕಿಂತ ಕ್ರೂರವಾಗಿದ್ದಿತು. ಮೇ ತಿಂಗಳ ಮೊದಲ ವಾರದಲ್ಲಿ ಕರ್ನಾಟಕದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಮೇಲ್ಪಟ್ಟು ಹೊಸ ರೋಗಿಗಳು ದಾಖಲಾದರು. ಅದೇ ಜೂನ್ ಜುಲೈಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಅನೇಕ ಜಿಲ್ಲೆಗಳಲ್ಲಿ ರಕ್ತವನ್ನು ಪರೀಕ್ಷಿಸಿದಾಗ, ನೂರಕ್ಕೆ 67.6 ಮಂದಿಯಲ್ಲಿ ಪ್ರತಿವಸ್ತುಗಳು ಸಿಕ್ಕಿದುವು. ಮೇಲೆ ಹೇಳಿದ ‘ಮೂವರಲ್ಲಿ ಇಬ್ಬರು’ ಎಂಬುದಕ್ಕೆ ಸರಿಯಾಗಿ ಬಂದುದು ಆಕಸ್ಮಿಕ. ಅಕ್ಟೋಬರಿನಲ್ಲಿ ಲಸಿಕೆಯ ನೂರು ಕೋಟಿ ಮಾತ್ರೆಗಳು ಪೂರ್ತಿಯಾದುವು. ಡಿಸೆಂಬರಿನಲ್ಲಿ ಓಮಿಕ್ರಾನ್ ಎಂಬುದು ಭಾರತದಲ್ಲಿ ಮೊದಲು ಬೆಂಗಳೂರಿನಲ್ಲಿಯೇ ಪತ್ತೆಯಾಯಿತು. ಅದು ಹಿಂದಿನವೆಲ್ಲಕ್ಕಿಂತ ವೇಗವಾಗಿ ಹರಡಿತು, ಆದರೆ ಅಷ್ಟು ಕೊಲ್ಲಲಿಲ್ಲ. ಅದರ ಸ್ವಭಾವವೂ ಡೆಲ್ಟಾಕ್ಕಿಂತ ಸ್ವಲ್ಪ ಮೃದುವೇ. ಆದರೆ ಹೆಚ್ಚಾಗಿ ಬದಲಾದುದು ನಮ್ಮ ಮೈ. ಅದು ಬಂದ ಹೊತ್ತಿಗೆ ಬಾಗಿಲಲ್ಲಿ ಕಾವಲಿದ್ದಿತು.

ಆ ಕಾವಲಿಗೆ ಕೊಟ್ಟ ಬೆಲೆ ಎಷ್ಟು? ಸರ್ಕಾರದ ಲೆಕ್ಕದಲ್ಲಿ ದೇಶದಲ್ಲಿ ಸತ್ತವರು ಐದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ, 2020 ಮತ್ತು 2021ರಲ್ಲಿಯೇ 47 ಲಕ್ಷ. ಅದನ್ನು ಸರ್ಕಾರ ಒಪ್ಪಲಿಲ್ಲ. ಯಾವ ಲೆಕ್ಕವನ್ನು ಹಿಡಿದರೂ, ‘ಸಾಂಕ್ರಾಮಿಕ ತಾನಾಗಿ ಅಡಗಿತು’ ಎಂಬ ಮಾತನ್ನು ಆಡುವಾಗ ನಾಲಿಗೆ ಸ್ವಲ್ಪ ತಡೆಯಬೇಕು.

ಈಗ ಆ ವೃದ್ಧೆಯ ಋಣದ ಮಾತು. ಕುಂದಾಪುರವೂ, ಈಚೆಗೆ ಬೇರೆ ತಾಲೂಕುಗಳಾದ ಬೈಂದೂರು ಬ್ರಹ್ಮಾವರಗಳೂ, ಬಹುಕಾಲದಿಂದ ಮುಂಬಯಿಯ ಅನ್ನವನ್ನು ಉಂಡ ಸೀಮೆಗಳು. ಹೋಟೆಲಿನ ಒಲೆಯ ಮುಂದೆ ನಿಂತು ಅಲ್ಲಿ ದುಡಿದ ಹಣದಿಂದ ಇಲ್ಲಿ ಮನೆಗೆ ಹೆಂಚು ಹೊದಿಸಿದವರು, ದೇವಸ್ಥಾನಗಳಿಗೆ ಗೋಪುರ ಕಟ್ಟಿಸಿದವರು, ಮಂದಾರ್ತಿಯ ಮೇಳಕ್ಕೂ ಮಾರಣಕಟ್ಟೆಯ ಮೇಳಕ್ಕೂ ಹರಕೆಯ ಆಟ ಹೇಳಿದವರು ಎಷ್ಟೋ ಮಂದಿ. 2020ರ ಮಾರ್ಚಿಯಲ್ಲಿ ಆಟಗಳು ನಡುವೆಯೇ ನಿಂತುವು. ಉಡುಪಿ ಜಿಲ್ಲೆಯಲ್ಲಿ ಆ ತಿಂಗಳು ಮೂರೇ ಮಂದಿಗೆ ರೋಗವೆಂದು ತಿಳಿದು, ಅವರೂ ಗುಣವಾಗಿ, ಜಿಲ್ಲೆ ಹಸುರು ವಲಯವೆಂದು ಹೆಸರಾಯಿತು. ಮೇ ತಿಂಗಳಲ್ಲಿ, ಕೆಲಸ ನಿಂತು ಕೈ ಬರಿದಾಗಿ, ಮುಂಬಯಿಯ ನಮ್ಮ ಜನ ಊರಿಗೆ ಬರತೊಡಗಿದರು. ಜೂನ್ 5ರಂದು ರಾಜ್ಯದಲ್ಲಿ ಹೊಸದಾಗಿ ಕಂಡುಬಂದ 515 ರೋಗಿಗಳಲ್ಲಿ 204 ಮಂದಿ ಉಡುಪಿ ಜಿಲ್ಲೆಯವರು. ಅವರಲ್ಲಿ ಬಹುತೇಕರು ಮಹಾರಾಷ್ಟ್ರದಿಂದ ಬಂದವರು. ಹೆಚ್ಚಿನವರಿಗೆ ನೆಗಡಿಯೂ ಇರಲಿಲ್ಲ.

ಅವರನ್ನು ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಇರಿಸಿದರು. ಆ ವೃದ್ಧೆಯ ಮಗನನ್ನು, ನಾವೂ ಅವನೂ ಒಂದೇ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತ ಶಾಲೆಯಲ್ಲಿಯೇ ಇರಿಸಿದ್ದರು. ತಾಯಿ ನಮ್ಮ ಅಂಗಳದ ಆಚೆ ನಿಂತು, ಒಂದು ಜೊತೆ ಬಟ್ಟೆಯನ್ನೂ ಉಪ್ಪಿನಕಾಯಿಯ ಭರಣಿಯನ್ನೂ ಶಾಲೆಯ ಗೇಟಿನವರೆಗೆ ಮುಟ್ಟಿಸಿಕೊಡುವಿರಾ ಎಂದು ಕೇಳಿದರು. ನಮ್ಮಲ್ಲಿ ಸ್ಕೂಟರು ಇದ್ದಿತು. ಶಾಲೆ ಒಂದೂವರೆ ಮೈಲಿಗಿಂತ ದೂರವಿರಲಿಲ್ಲ. ನಾಳೆ ನೋಡೋಣ ಎಂದೆವು. ನಾಳೆ ನೋಡಲಿಲ್ಲ. ಮೂರನೆಯ ದಿನ ಆಕೆ ತಾವೇ ಮಳೆಯಲ್ಲಿ ನಡೆದುಹೋಗಿ ಕೊಟ್ಟು ಬಂದರೆಂದು ಆಮೇಲೆ ತಿಳಿಯಿತು. ಗಂಟಲಿನ ಪರೀಕ್ಷೆಯಲ್ಲಿ ಅವನಿಗೆ ರೋಗವೇ ಇರಲಿಲ್ಲ. ಅವಧಿ ಮುಗಿಸಿ ಮನೆಗೆ ಬಂದ ಮೇಲೆಯೂ ಬಹಳ ದಿನ ಅವನಿಗೆ ಅಂಗಡಿಯಲ್ಲಿ ಸಾಮಾನನ್ನು ದೂರದಿಂದ ಸರಿಸುತ್ತಿದ್ದರು. ಗಡಿ ದಾಟಿಸಿದ ಮಾರಿಯ ಆಚಾರವನ್ನು ಕುರಿತು ನಾವು ಮೊದಲು ನಗಲಾರೆವು ಎಂದುದಕ್ಕೆ ಇದೇ ಕಾರಣ. ನಾವೂ ಒಂದು ಗಡಿಯನ್ನು ಎಳೆದಿದ್ದೆವು, ಮತ್ತು ಅದರಾಚೆ ನಮ್ಮ ಬಾಲ್ಯಸ್ನೇಹಿತನನ್ನೇ ನಿಲ್ಲಿಸಿದ್ದೆವು.

ಎಚ್ಚರಿಕೆ ತಪ್ಪೆಂದು ನಾವು ಹೇಳುತ್ತಿಲ್ಲ. ದೂರವಿರುವುದರ ಬಲ ಎಷ್ಟೆಂಬುದಕ್ಕೆ ಒಂದು ನಿದರ್ಶನವಿದೆ. ಇನ್‌ಫ್ಲುಯೆಂಜಾದ ಬಿ ಯಾಮಾಗಾಟಾ ಎಂಬ ಒಂದು ಕವಲು ಎಷ್ಟೋ ವರ್ಷಗಳಿಂದ ಲೋಕದಲ್ಲಿ ಸುತ್ತುತ್ತಿದ್ದಿತು. 2020ರ ಮಾರ್ಚಿಯ ಅನಂತರ ಅದು ಎಲ್ಲಿಯೂ ದೃಢವಾಗಿ ಕಂಡುಬಂದಿಲ್ಲ. ಲೋಕವೆಲ್ಲ ಬಾಗಿಲು ಹಾಕಿ ಕುಳಿತಾಗ, ದಾಟಲು ಮನುಷ್ಯರು ಸಿಕ್ಕದೆ ಅದರ ವಂಶ ನಿಂತಿತೆಂದು ವಿದ್ವಾಂಸರು ತಿಳಿಯುತ್ತಾರೆ. ಆದರೆ ದೂರವಿರುವುದು ಬೇರೆ, ದೂರಮಾಡುವುದು ಬೇರೆ. ಬಟ್ಟೆಯ ಗಂಟನ್ನು ಗೇಟಿನ ಬಳಿ ಇಟ್ಟು ಬರುವುದರಿಂದ ಯಾವ ವೈರಸ್ಸಿಗೂ ಲಾಭವಾಗುತ್ತಿರಲಿಲ್ಲ.

ಎಲ್ಲ ಕಾಯಿಲೆಗಳೂ ಹೀಗೆ ಏರಿ ಇಳಿಯತಕ್ಕವಲ್ಲ. ನಮ್ಮ ತಾಲೂಕುಗಳ ಮೂಡಣ ಗೋಡೆಯಾದ ಘಟ್ಟದ ಆಚೆ, ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯೂ ವೈರಸ್ಸಿನದೇ. ಅದು ಉಣುಗಿನ ಕಡಿತದಿಂದ ಬರುವುದು; ಮನುಷ್ಯನಿಂದ ಮನುಷ್ಯನಿಗೆ ದಾಟದು. ಆದುದರಿಂದ ಊರಿನವರಲ್ಲಿ ಎಷ್ಟು ಮಂದಿ ಗೆದ್ದವರಾದರೂ ಉಳಿದವನಿಗೆ ಅದರಿಂದ ರಕ್ಷಣೆಯಿಲ್ಲ. ಅದರ ಮನೆ ಕಾಡು. ನಾವು ಅಲ್ಲಿಗೆ ದರಗು ಸೊಪ್ಪುಗಳಿಗಾಗಿ ಹೋಗುವ ಅತಿಥಿಗಳು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಕಡೆ ಅದು ಎದ್ದಾಗ, ಅರುವತ್ತು ವರ್ಷಗಳ ಹಳೆಯ ಕಾಯಿಲೆಯೆಂದು ಅದೇನೂ ಮೃದುವಾಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡಿನ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಮುಗಿದುದು ತುರ್ತು, ಕಾಯಿಲೆಯಲ್ಲವೆಂದು ಆಗಲೇ ಹೇಳಿದ್ದರು. ಆ ದಿನ ಬ್ರಹ್ಮಾವರದ ಪೇಟೆಯಲ್ಲಿ ಯಾರೂ ಅದರ ಮಾತನ್ನು ಎತ್ತಿದುದನ್ನು ನಾವು ಕೇಳಲಿಲ್ಲ. ಜನ ತಮ್ಮ ಮಟ್ಟಿಗೆ ಅದನ್ನು ಮೊದಲೇ ಮುಗಿಸಿದ್ದರು. 2021ರಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಮಾತ್ರ ಅದು ಯಾವ ತಾರೀಖಿಗೂ ಮುಗಿಯುವಂತಹುದಲ್ಲ.

ಈ ಭಾಷಣವನ್ನು ಬರೆದ ಮೇಲೆ ನಾವು ಆ ವೃದ್ಧೆಯ ಮನೆಗೆ ಹೋದೆವು. ಸೀಕು ಎಲ್ಲಿಗೂ ಹೋಗಲಿಲ್ಲ, ನಮ್ಮಲ್ಲಿಯೇ ಇದೆ, ನಮ್ಮ ಮೈ ಅದಕ್ಕೆ ಪಳಗಿದೆ ಎಂದು ತಿಳಿಸಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರೆ ನನ್ ಮೈ?” ಎಂದರು. ಎಪ್ಪತ್ತೆಂಟರ ಮೈ, ಸಕ್ಕರೆ ಕಾಯಿಲೆ ಬೇರೆ. ನಾವು ಇದ್ದುದನ್ನು ಇದ್ದಂತೆ ಹೇಳಿದೆವು: ವಯಸ್ಸಾದವರಿಗೆ ಇದಕ್ಕೂ, ಸಾಮಾನ್ಯ ಇನ್‌ಫ್ಲುಯೆಂಜಾಕ್ಕೂ ಇನ್ನೂ ಅಪಾಯವುಂಟು, ಮನೆಯ ಹುಡುಗರಿಗೆ ಕೆಮ್ಮು ಬಂದಾಗ ಅವರು ಅಜ್ಜಿಯಿಂದ ದೂರ ಮಲಗಲಿ, ಲಸಿಕೆಯ ವಿಷಯವನ್ನು ವೈದ್ಯರಲ್ಲಿ ಕೇಳಬೇಕು. ಮಗನು ಒಳಗಿನಿಂದ ಚಹಾ ತಂದಿಟ್ಟನು. ಶಾಲೆಯ ಗೇಟಿನ ಸಂಗತಿಯನ್ನು ರೇಡಿಯೋದಲ್ಲಿ ಹೇಳಬಹುದೇ ಎಂದು ನಾವು ಅವನನ್ನು ಕೇಳಿದೆವು. ಇದುವರೆಗೆ ಅವನಾಗಲಿ ನಾವಾಗಲಿ ಆ ಮಾತನ್ನು ಎತ್ತಿರಲಿಲ್ಲ. ಅವನು ಅಂಗಳದ ಕಡೆಗೆ ನೋಡಿ, “ಹೇಳ್, ಹೆಸ್ರ್ ಮಾತ್ರ ಹೇಳ್ಬೇಡ” ಎಂದನು. ಲಸಿಕೆಗಾಗಿ ತಾಯಿಯನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಕೇಳಿದನು. ನಮ್ಮ ಸ್ಕೂಟರಿನಲ್ಲಿಯೇ ಹೋಗೋಣವೆಂದೆವು.